ಕಿಟ್ಟೆಲ್ ಪಂಡಿತರ ದೀರ್ಘ ನೋಂಪಿ

ಪ್ರತಿ ವರ್ಷವೂ ಬೂದಿ ಬುಧವಾರವು ಸಮೀಪಿಸಿದಾಗ ನಮ್ಮ ಶಾಲೆಯ ಹುಡುಗಿಯರಲ್ಲಿ ಒಂದು ಮಾತು ಹುಟ್ಟುವದುಂಟು. ಈ ಸಲ ಏನನ್ನು ಬಿಡುವದು ಎಂಬದೇ ಆ ಮಾತು. ಒಬ್ಬಳು ಸಕ್ಕರೆಯನ್ನು ಬಿಡುತ್ತೇನೆನ್ನುವಳು. ಇನ್ನೊಬ್ಬಳು ಮುಡಿಗೆ ಹಡಗಲಿಯ ಮಲ್ಲಿಗೆಯನ್ನು ಮುಡಿಯೆನೆನ್ನುವಳು. ಮತ್ತೊಬ್ಬಳು ಸಂಜೆಯ ತಿಂಡಿಯ ಕಾಸನ್ನು ಉಳಿಸಿ ಪ್ರಾರ್ಥನಾಮಂದಿರದ ಪೆಟ್ಟಿಗೆಯಲ್ಲಿ ಹಾಕುವೆನೆನ್ನುವಳು. ಅವರ ಉತ್ಸಾಹವನ್ನು ನೋಡಿ ನಾವು ಸಂತೋಷಪಡುತ್ತೇವೆ. ಆದರೆ ಹಳೆಯ ವಿದ್ಯಾರ್ಥಿನಿಯರ ಒಂದು ಕೂಟದಲ್ಲಿ, ಈಗ ಕಡ್ಡಿರಾಂಪುರದಲ್ಲಿ ಸಂಸಾರ ಹೂಡಿಕೊಂಡಿರುವ ಸಹೋದರಿಯೊಬ್ಬರು ನಮ್ಮನ್ನು ಕೇಳಿದ ಪ್ರಶ್ನೆಯು ನಮ್ಮ ಸಂತೋಷವನ್ನು ಸ್ವಲ್ಪ ಕಲಕಿತು. ಹೆಂಗಸಿನ ಬಾಳಿನಲ್ಲಿ ಬಿಡುವದೇ ಹೆಚ್ಚಾಗಿರುವಾಗ, ಅವಳು ನಲವತ್ತು ದಿನಗಳ ಮಟ್ಟಿಗೆ ಹೊಸದಾಗಿ ಏನನ್ನು ಬಿಡಬೇಕು ಎಂದು ಅವರು ಕೇಳಿದರು. ಅವರು ನಗುತ್ತಲೇ ಕೇಳಿದರು. ಆದರೆ ನಮಗೆ ಆಗ ಉತ್ತರವು ತೋಚಲಿಲ್ಲ.

ಆ ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಂಡೇ ನಾವು ಈ ಸಂಚಿಕೆಗಾಗಿ ಫೆರ್ಡಿನಂಡ್ ಕಿಟ್ಟೆಲ್ ಪಂಡಿತರ ಚರಿತ್ರೆಯನ್ನು ಬರೆಯತೊಡಗಿದೆವು. ಅವರ ಹೆಸರನ್ನು ಕೇಳದ ಕನ್ನಡಿಗರು ವಿರಳ. ಆದರೂ ನಿಘಂಟಿನ ಮೇಲಿನ ಹೆಸರಾಗಿ ಅವರನ್ನು ಬಲ್ಲವರೇ ಬಹುಮಂದಿ. ಲೂಥರನ ಸಭೆಯಲ್ಲಿ ಹುಟ್ಟಿ, ತನ್ನ ಆಸೆಗಳಲ್ಲಿ ಬಹಳವನ್ನು ಒಂದೊಂದಾಗಿ ಬಿಟ್ಟುಕೊಟ್ಟು ಬಾಳಿದ ಮನುಷ್ಯರಾಗಿ ಅವರನ್ನು ಬಲ್ಲವರು ಕೆಲವರೇ.

ಮೊದಲು ಆ ಕಾಲವನ್ನು ಕುರಿತು ಎರಡು ಮಾತು ಹೇಳುವದು ಯುಕ್ತ. ಬೂದಿ ಬುಧವಾರದಿಂದ ಈಸ್ಟರಿನ ಹಿಂದಿನ ಶನಿವಾರದ ವರೆಗೆ ೪೬ ದಿನಗಳಾಗುತ್ತವೆ. ಅವುಗಳಲ್ಲಿ ಆರು ಭಾನುವಾರಗಳು ಪುನರುತ್ಥಾನದ ಸ್ಮರಣೆಯ ದಿನಗಳಾದುದರಿಂದ ಅವನ್ನು ಉಪವಾಸದ ಲೆಕ್ಕಕ್ಕೆ ಹಿಡಿಯುವದಿಲ್ಲ, ಉಳಿದವು ನಲವತ್ತು. ನಮ್ಮ ಕರ್ತನು ಅಡವಿಯಲ್ಲಿ ಕಳೆದ ನಲವತ್ತು ದಿನಗಳನ್ನು ಸಭೆಯು ಹೀಗೆ ನೆನೆಯುತ್ತದೆ. ಈಸ್ಟರ್ ಹಬ್ಬವು ಮಾರ್ಚ್ ೨೧ರ ಮೇಲಣ ಹುಣ್ಣಿಮೆಯನ್ನು ಅನುಸರಿಸಿ ಬರುವ ಭಾನುವಾರವಾದುದರಿಂದ, ಅನೇಕ ವರ್ಷಗಳಲ್ಲಿ ಅದು ಚೈತ್ರದ ಹುಣ್ಣಿಮೆಯ ಬೆನ್ನಿಗೇ ಬರುವದು. ಹಂಪೆಯಲ್ಲಿ ವಿರೂಪಾಕ್ಷನ ತೇರು ಎಳೆಯುವದೂ ಅದೇ ಹುಣ್ಣಿಮೆಯಂದು. ಆಗ ಹೊಸಪೇಟೆಯಿಂದ ಹಂಪೆಗೆ ಹೋಗುವ ಜನವೆಲ್ಲ ಕಡ್ಡಿರಾಂಪುರದ ಮುಂದೆಯೇ ಸಾಗುವದು. ಒಂದೇ ಚಂದ್ರನ ಬೆಳಕಿನಲ್ಲಿ ಒಂದು ಕಡೆ ಜಾತ್ರೆಯ ಗದ್ದಲ, ಇನ್ನೊಂದು ಕಡೆ ಹೂವಿಲ್ಲದ ವೇದಿಕೆಯ ಮುಂದೆ ಶ್ರಮಾವಾರದ ಮೌನ. ಎರಡನ್ನೂ ಕಂಡು ಬೆಳೆದವರು ನಮ್ಮ ಶಾಲೆಯ ಮಕ್ಕಳು.

ಲೂಥರನು ಉಪವಾಸವನ್ನು ತೆಗೆದುಹಾಕಿದನೆಂದು ಕೆಲವರು ತಿಳಿದಿದ್ದಾರೆ. ಅದು ಸರಿಯಲ್ಲ. ಉಪವಾಸದಿಂದ ಪುಣ್ಯವನ್ನು ಸಂಪಾದಿಸಬಹುದೆಂಬ ಎಣಿಕೆಯನ್ನು ಅವನು ಖಂಡಿಸಿದನು. ಶರೀರವನ್ನು ಹದದಲ್ಲಿಡುವ ಒಳ್ಳೆಯ ಅಭ್ಯಾಸವೆಂದು ಅದನ್ನು ಒಪ್ಪಿಕೊಂಡನು. ೧೫೧೭ರಲ್ಲಿ ಅವನು ಪ್ರಕಟಿಸಿದ ೯೫ ಸೂತ್ರಗಳಲ್ಲಿ ಮೊದಲನೆಯದೇ ವಿಶ್ವಾಸಿಯ ಇಡೀ ಬಾಳು ಮಾನಸಾಂತರವಾಗಿರಬೇಕೆಂಬ ಅರ್ಥದ್ದು. ಆದುದರಿಂದ ಲೂಥರನ ಸಭೆಗಳಲ್ಲಿ ಈ ಕಾಲದ ಮುಖ್ಯ ಆಚರಣೆಯು ಊಟವನ್ನು ಬಿಡುವದಕ್ಕಿಂತಲೂ ಕ್ರಿಸ್ತನ ಶ್ರಮೆಯ ಚರಿತ್ರೆಯನ್ನು ಓದುವದೂ ಹಾಡುವದೂ ಆಯಿತು. ಜರ್ಮನಿಯ ಹಳ್ಳಿಗಳಲ್ಲಿ ವಾರದ ನಡುವೆ ಕೂಡುವ ಆರಾಧನೆಗಳಲ್ಲಿ ಈ ಚರಿತ್ರೆಯನ್ನು ಭಾಗ ಭಾಗವಾಗಿ ಓದಿ ಶ್ರಮೆಯ ಹಾಡುಗಳನ್ನು ಹಾಡುವ ಪದ್ಧತಿಯು ಬೇರೂರಿತ್ತು. ನಮ್ಮ ನಾಡಿನ ಸಭೆಗಳಲ್ಲಿ ಈಗಲೂ ಈ ವಾರಗಳಲ್ಲಿ ಮನೆಮನೆಗಳಲ್ಲಿ ಪ್ರಾರ್ಥನಾಕೂಟಗಳು ನಡೆಯುವದನ್ನು ವಾಚಕರೆಲ್ಲರೂ ಬಲ್ಲರು.

ಕಿಟ್ಟೆಲರು ಹುಟ್ಟಿದ್ದು ಇಂಥ ಕಾಲದಲ್ಲಿಯೇ. ಅವರ ಜನ್ಮದಿನ ೧೮೩೨ನೆಯ ಏಪ್ರಿಲ್ ೭. ಆ ವರ್ಷದ ಈಸ್ಟರ್ ಏಪ್ರಿಲ್ ೨೨ಕ್ಕೆ ಬಿದ್ದುದರಿಂದ ಶಿಶುವು ಹುಟ್ಟಿದಾಗ ಸಭೆಯು ಶ್ರಮೆಯ ವಾರಗಳಲ್ಲಿ ನಡೆಯುತ್ತಿತ್ತು. ಜರ್ಮನಿಯ ಉತ್ತರ ಸಮುದ್ರತೀರದ ಪೂರ್ವ ಫ್ರೀಸ್‌ಲೆಂಡಿನಲ್ಲಿ ರೆಸ್ಟರ್‌ಹಾಫೆ ಎಂಬ ಚಿಕ್ಕ ಊರು ಅವರ ಜನ್ಮಸ್ಥಳ. ತಂದೆಯವರು ಲೂಥರನ ಸಭೆಯ ಪಾಲಕರು. ಪಾಲಕರ ಮನೆಯಲ್ಲಿ ಬೆಳೆದ ಬಾಲಕನಿಗೆ ಭಾಷೆಗಳಲ್ಲಿ ಅಭಿರುಚಿ ಹುಟ್ಟಿತು. ಶಾಲೆಯಲ್ಲಿ ಪ್ರಾಚೀನ ಭಾಷೆಗಳನ್ನು ಕಲಿತನು. ೧೮೫೦ರಲ್ಲಿ, ಹದಿನೆಂಟನೆಯ ವಯಸ್ಸಿನಲ್ಲಿ, ಸ್ವಿಟ್ಸರ್ಲೆಂಡಿನ ಬಾಸೆಲ್ ನಗರದ ಮಿಶನ್ ವಿದ್ಯಾಲಯವನ್ನು ಸೇರಿದನು.

ಬಾಸೆಲ್ ಮಿಶನ್ನು ೧೮೧೫ರಲ್ಲಿ ಸ್ಥಾಪಿತವಾದದ್ದು. ಲೂಥರನ ಸಭೆಯವರೂ ರಿಫಾರ್ಮ್ಡ್ ಸಭೆಯವರೂ ಅದರಲ್ಲಿ ಒಂದಾಗಿ ದುಡಿಯುತ್ತಿದ್ದರು. ಅದರ ಮೊದಲಿನ ಮಿಶನರಿಗಳು ೧೮೩೪ರಲ್ಲಿ ಮಂಗಳೂರಿನಲ್ಲಿ ಇಳಿದರು. ೧೮೩೭ರಲ್ಲಿ ಧಾರವಾಡ, ೧೮೩೯ರಲ್ಲಿ ಹುಬ್ಬಳ್ಳಿ, ೧೮೪೧ರಲ್ಲಿ ಬೆಟಗೇರಿ, ಹೀಗೆ ಅವರ ಠಾಣ್ಯಗಳು ಒಳನಾಡಿಗೆ ಹಬ್ಬಿದವು. ನಮ್ಮ ಬಳ್ಳಾರಿಯ ಸೀಮೆಗೆ ಅವರಿಗಿಂತ ಮೊದಲೇ, ೧೮೧೦ರಲ್ಲಿ, ಲಂಡನ್ ಮಿಶನ್ನಿನ ಜಾನ್ ಹ್ಯಾಂಡ್ಸರು ಬಂದು ಕನ್ನಡ ಬೈಬಲಿನ ಅನುವಾದಕ್ಕೆ ಕೈಹಾಕಿದ್ದರು. ಕಿಟ್ಟೆಲರು ೧೮೫೩ರಲ್ಲಿ ಭಾರತಕ್ಕೆ ಬಂದು ಧಾರವಾಡದ ಕಡೆಯಲ್ಲಿ ಕೆಲಸವನ್ನು ಆರಂಭಿಸಿದರು. ಆಗ ಅವರ ವಯಸ್ಸು ೨೧.

ಯುವಕನ ಹಂಬಲವು ದೊಡ್ಡದಾಗಿತ್ತು. ಭಾರತೀಯರ ನಡುವೆ ಭಾರತೀಯನಂತೆಯೇ ಬಾಳಬೇಕು. ಅವರ ನುಡಿಯನ್ನು ಅವರಂತೆಯೇ ಆಡಬೇಕು. ಬಿಳಿಯ ದೊರೆಯಂತೆ ದೂರದಿಂದ ಬೋಧಿಸದೆ ಅವರ ಜಗಲಿಯ ಮೇಲೆ ಕುಳಿತು ಮಾತನಾಡಬೇಕೆಂದು ಅವರು ಬಯಸಿದರು. ಆದರೆ ಮಿಶನ್ನಿನ ಹಿರಿಯರಿಗೂ ಅವರಿಗೂ ಈ ವಿಷಯದಲ್ಲಿ ಮನಸ್ಸು ಕೂಡಲಿಲ್ಲ. ತರುಣನ ನಡೆಯು ಅತಿರೇಕವೆಂದು ಕೆಲವರಿಗೆ ಕಂಡಿತು. ಅವರು ಸಹೋದ್ಯೋಗಿಗಳ ನಡುವೆ ಒಂಟಿಯಾದರು. ಯಾವ ಕೆಲಸಕ್ಕಾಗಿ ಸಮುದ್ರವನ್ನು ದಾಟಿ ಬಂದರೋ ಆ ಕೆಲಸದಲ್ಲಿ ಅವರು ಹೆಸರಾಗಲಿಲ್ಲ. ಸಭೆಗಳನ್ನು ಕಟ್ಟಿದವರ ಪಟ್ಟಿಯಲ್ಲಿ ಅವರಿಗೆ ಮುಂಚೂಣಿಯ ಸ್ಥಾನವಿಲ್ಲ. ಬರಬರುತ್ತ ಅವರ ಪಾಲಿಗೆ ಉಳಿದದ್ದು ಪುಸ್ತಕಗಳು, ಪಾಠಗಳು, ಅಚ್ಚಿನ ಕರಡುಗಳು.

ಇಲ್ಲಿಯೇ ನಾವು ಸ್ವಲ್ಪ ನಿಂತು ಯೋಚಿಸಬೇಕು. ಸಕ್ಕರೆಯನ್ನು ಬಿಡುವವಳಿಗೆ ತಾನು ಏನನ್ನು ಬಿಡುತ್ತೇನೆಂಬದು ಗೊತ್ತು. ನಲವತ್ತು ದಿನಗಳ ಮೇಲೆ ಅದು ತಿರುಗಿ ಸಿಗುವದೆಂಬದೂ ಗೊತ್ತು. ಕಿಟ್ಟೆಲರು ಬಿಡಬೇಕಾದದ್ದು ತಾನಾಗಿ ಆರಿಸಿಕೊಂಡ ಬಾಳಿನ ಉದ್ದೇಶವನ್ನೇ. ಅದು ತಿರುಗಿ ಸಿಗುವದೆಂಬ ಭರವಸೆಯೂ ಇರಲಿಲ್ಲ. ಇಂಥ ಸಮಯದಲ್ಲಿ ಮನುಷ್ಯನು ಕಹಿಯಾಗುವದು ಸುಲಭ. ಊರಿಗೆ ಹಿಂತಿರುಗುವದು ಇನ್ನೂ ಸುಲಭ. ಅವರು ಎರಡನ್ನೂ ಮಾಡದೆ, ಕೈಗೆ ಬಂದ ಕೆಲಸವನ್ನೇ ಮನಃಪೂರ್ವಕವಾಗಿ ಹಿಡಿದರು.

೧೮೬೨ರಲ್ಲಿ ಮಂಗಳೂರಿನಲ್ಲಿ ಅವರ ಕಥಾಮಾಲೆ ಎಂಬ ಗ್ರಂಥವು ಅಚ್ಚಾಯಿತು. ಕ್ರಿಸ್ತನ ಚರಿತ್ರೆಯನ್ನು ಕನ್ನಡ ನಾಡಿನ ಛಂದಸ್ಸಿನಲ್ಲಿ ಹೇಳುವ ಕಾವ್ಯವದು. ಅದುವರೆಗೆ ನಮ್ಮ ಸಭೆಗಳಲ್ಲಿ ಹಾಡುತ್ತಿದ್ದ ಹಾಡುಗಳಲ್ಲಿ ಬಹುಪಾಲು ಜರ್ಮನ್ ರಾಗಗಳಿಗೆ ಹೊಂದಿಸಿದ ಅನುವಾದಗಳು. ಆ ರಾಗಗಳು ಗಂಭೀರವಾದವು; ಅವುಗಳನ್ನು ನಾವು ಪ್ರೀತಿಸುತ್ತೇವೆ. ಆದರೆ ಹೊಲದಲ್ಲಿ ಕೆಲಸ ಮಾಡುವ ತಾಯಿಯ ಬಾಯಿಗೆ, ಜೈಮಿನಿ ಭಾರತವನ್ನೂ ಗದುಗಿನ ಭಾರತವನ್ನೂ ಕೇಳಿ ಬೆಳೆದವಳ ಕಿವಿಗೆ, ನಾಡಿನ ಧಾಟಿಯೇ ಹತ್ತಿರವಾದದ್ದು. ಗೆತ್ಸೆಮನೆಯ ವ್ಯಥೆಯೂ ಗೊಲ್ಗೊಥಾದ ಕತ್ತಲೆಯೂ ಕನ್ನಡದ ಲಯದಲ್ಲಿ ಕೇಳಿಸಬೇಕೆಂಬದು ಕಿಟ್ಟೆಲರ ಅಭಿಲಾಷೆ. ಜಗಲಿಯ ಮೇಲೆ ಕುಳಿತು ಮಾತನಾಡಬೇಕೆಂದಿದ್ದ ಯುವಕನು ಕಾವ್ಯದ ಮೂಲಕ ಮನೆಯ ಒಳಕ್ಕೇ ಬಂದನೆನ್ನಬಹುದು.

ಈ ಮಾತಿನಲ್ಲಿ ನಮ್ಮ ಸೀಮೆಯವರಿಗೆ ವಿಶೇಷವಾದ ಒಂದು ಸಂತೋಷವುಂಟು. ಕನ್ನಡದ ಷಟ್ಪದಿಯು ದೊಡ್ಡ ಕಾವ್ಯಗಳಿಗೆ ವಾಹನವಾದದ್ದು ಹಂಪೆಯ ರಾಘವಾಂಕನಿಂದ. ಅವನು ಹರಿಹರ ಕವಿಯ ಸೋದರಳಿಯ; ಹರಿಶ್ಚಂದ್ರನ ಕಷ್ಟಗಳನ್ನು ಹಾಡಿದವನು. ಸತ್ಯಕ್ಕಾಗಿ ರಾಜ್ಯವನ್ನೂ ಹೆಂಡತಿಯನ್ನೂ ಮಗನನ್ನೂ ಕಳೆದುಕೊಂಡ ಅರಸನ ಕಥೆಯು ಕಡ್ಡಿರಾಂಪುರದಿಂದ ಸ್ವಲ್ಪವೇ ದೂರದಲ್ಲಿ, ವಿರೂಪಾಕ್ಷನ ಸನ್ನಿಧಿಯಲ್ಲಿ, ಕನ್ನಡವಾಯಿತು. ಈ ಕಾವ್ಯಮಾರ್ಗದ ವಿಚಾರವನ್ನು ಪಶ್ಚಿಮದ ವಿದ್ವಾಂಸರಿಗೆ ತಿಳಿಸಿದವರಲ್ಲಿ ಕಿಟ್ಟೆಲರು ಮುಖ್ಯರು. ಹತ್ತನೆಯ ಶತಮಾನದ ನಾಗವರ್ಮನ ಛಂದೋಂಬುಧಿಯನ್ನು ಅವರು ಪರಿಷ್ಕರಿಸಿ ೧೮೭೫ರಲ್ಲಿ ಪ್ರಕಟಿಸಿದರು. ಅದರೊಡನೆ ಕನ್ನಡ ಸಾಹಿತ್ಯದ ಚರಿತ್ರೆಯನ್ನು ಕುರಿತ ಪ್ರಬಂಧವನ್ನೂ ಬರೆದರು. ಅದಕ್ಕೂ ಮೊದಲು, ೧೮೭೨ರಲ್ಲಿ, ಕೇಶಿರಾಜನ ಶಬ್ದಮಣಿದರ್ಪಣವು ಅವರಿಂದ ಬೆಳಕಿಗೆ ಬಂದಿತ್ತು. ಯಜ್ಞದ ವಿಷಯವಾಗಿ ಯಜ್ಞಸುಧಾನಿಧಿ ಎಂಬ ಪುಸ್ತಕವೂ ಅದೇ ವರ್ಷದ್ದು. ಬಲಿ ಎಂದರೇನು, ತ್ಯಾಗ ಎಂದರೇನು ಎಂಬ ಪ್ರಶ್ನೆಯು ಅವರನ್ನು ಪಂಡಿತರ ಕೋಣೆಯಲ್ಲಿಯೂ ಬಿಡಲಿಲ್ಲ. ನಾಡಿನ ಮತಗಳ ವಿಷಯದಲ್ಲಿ ಅವರು ಬರೆದದ್ದೆಲ್ಲವನ್ನೂ ಇಂದು ನಾವು ಒಪ್ಪಬೇಕಾಗಿಲ್ಲ. ಅವರು ತಮ್ಮ ಕಾಲದ ಮಿಶನರಿಗಳು. ಆ ಕಾಲದ ಕಣ್ಣಿನಿಂದಲೇ ನೋಡಿದರು. ಆದರೆ ನಾಡಿನ ನುಡಿಯ ಮುಂದೆ ಅವರು ಶಿಷ್ಯರಾಗಿಯೇ ನಿಂತರು.

ಈ ಪುಸ್ತಕಗಳ ವರ್ಷಗಳ ನಡುವೆ ಮನೆಯ ದುಃಖವೂ ಬಂತು. ೧೮೬೦ರಲ್ಲಿ ಅವರು ಪೌಲೀನಾ ಐತ್ ಎಂಬವರನ್ನು ಮದುವೆಯಾಗಿದ್ದರು. ನಾಲ್ಕೇ ವರ್ಷಗಳಲ್ಲಿ, ೧೮೬೪ರಲ್ಲಿ, ಆಕೆಯು ತೀರಿಕೊಂಡರು. ಕಥಾಮಾಲೆಯನ್ನು ಬರೆದ ಕೈಯು ಎರಡು ವರ್ಷಗಳೊಳಗೆ ಹೆಂಡತಿಯ ಸಮಾಧಿಯ ಮೇಲೆ ಮಣ್ಣು ಹಾಕಬೇಕಾಯಿತು. ಶ್ರಮೆಯನ್ನು ಕುರಿತು ಬರೆಯುವದು ಬೇರೆ, ಶ್ರಮೆಯನ್ನು ಹೊರುವದು ಬೇರೆ ಎಂಬದು ಆಗ ಅವರಿಗೆ ಚೆನ್ನಾಗಿ ತಿಳಿದಿರಬೇಕು. ೧೮೬೭ರಲ್ಲಿ ಅವರು ಪೌಲೀನಾ ಅವರ ಸಹೋದರಿ ಯೂಲಿಯೆ ಅವರನ್ನು ಮದುವೆಯಾದರು. ನಿಘಂಟಿನ ಮುಖಪುಟದ ಮೇಲೆ ಕಿಟ್ಟೆಲರ ಹೆಸರೊಂದೇ ಉಂಟು. ಈ ಇಬ್ಬರು ಸಹೋದರಿಯರ ಹೆಸರನ್ನು ಯಾವ ಮುಖಪುಟವೂ ಹೇಳುವದಿಲ್ಲ. ಹೆಣ್ಣುಮಕ್ಕಳ ಶಾಲೆಯ ಸಂಚಿಕೆಯಾದರೂ ಅವನ್ನು ಹೇಳಲಿ ಎಂದು ನಾವು ಇಲ್ಲಿ ಬರೆದಿದ್ದೇವೆ.

ಇನ್ನು ನಿಘಂಟಿನ ಸಂಗತಿ. ೧೮೭೭ರಲ್ಲಿ ಕಿಟ್ಟೆಲರು ಸ್ವದೇಶಕ್ಕೆ ಮರಳಿದ್ದರು. ಅಲ್ಲಿಯೇ ಉಳಿದು ಯಾವದಾದರೂ ಸಭೆಯ ಪಾಲಕರಾಗಿ ನೆಮ್ಮದಿಯಿಂದ ಇರಬಹುದಿತ್ತು. ಆದರೆ ಕನ್ನಡ ಶಬ್ದಗಳ ಸಂಗ್ರಹವು ಮುಗಿದಿರಲಿಲ್ಲ. ೧೮೮೩ರಲ್ಲಿ, ೫೧ನೆಯ ವಯಸ್ಸಿನಲ್ಲಿ, ಅವರು ಮತ್ತೆ ಭಾರತಕ್ಕೆ ಬಂದರು. ೧೮೯೨ರ ವರೆಗೆ ಇಲ್ಲಿಯೇ ಇದ್ದು ದುಡಿದರು. ಆ ದುಡಿಮೆಯ ರೀತಿಯನ್ನು ನಮ್ಮ ವಿದ್ಯಾರ್ಥಿನಿಯರು ತಿಳಿಯಬೇಕು. ಒಂದೊಂದು ಶಬ್ದಕ್ಕೂ ಕನ್ನಡ ಲಿಪಿಯಲ್ಲಿ ರೂಪ, ಇಂಗ್ಲಿಷಿನಲ್ಲಿ ಅರ್ಥ, ತಮಿಳು ತೆಲುಗು ಮಲಯಾಳ ತುಳುಗಳಲ್ಲಿ ಅದರ ಬಂಧುಶಬ್ದ, ಹಳೆಯ ಕವಿಗಳ ಪ್ರಯೋಗ, ಜನರ ಬಾಯಲ್ಲಿರುವ ಗಾದೆ, ಇವೆಲ್ಲವನ್ನೂ ಒಂದೆಡೆಯಲ್ಲಿ ಕೂಡಿಸಬೇಕಾಗಿತ್ತು. ಪಂಡಿತನಿಗೆ ಗೊತ್ತಿರುವ ಶಬ್ದವು ರೈತನಿಗೆ ಗೊತ್ತಿಲ್ಲ. ಅಡಿಗೆಮನೆಯ ಶಬ್ದವು ಪಂಡಿತನ ತಾಳೆಗರಿಯಲ್ಲಿಲ್ಲ. ಎರಡೂ ಬೇಕಾಗಿತ್ತು. ನಾಡಿನ ಪಂಡಿತರ ನೆರವಿಲ್ಲದೆ ಇದು ಸಾಗುವಂತೆಯೇ ಇರಲಿಲ್ಲ. ಕಿಟ್ಟೆಲರೂ ಅದನ್ನು ಕೃತಜ್ಞತೆಯಿಂದ ಒಪ್ಪಿಕೊಂಡಿದ್ದಾರೆ.

ನಮ್ಮ ವಿಷಯಕ್ಕೆ ಸಂಬಂಧಿಸಿದ ಒಂದೇ ಶಬ್ದವನ್ನು ಉದಾಹರಣೆಗೆ ಹೇಳುತ್ತೇವೆ. ಉಪವಾಸವೆಂಬದು ಸಂಸ್ಕೃತದ ಶಬ್ದ. ಅದರ ಮೂಲಾರ್ಥವು ಸಮೀಪದಲ್ಲಿ ವಾಸಿಸುವದು. ಆದರೆ ಕನ್ನಡಕ್ಕೆ ತನ್ನದೇ ಆದ ನೋಂಪಿ ಎಂಬ ಹಳೆಯ ಶಬ್ದವುಂಟು. ವ್ರತವೆಂದು ಅದರ ಅರ್ಥ. ತಮಿಳಿನಲ್ಲಿ ಅದು ನೋನ್ಬು, ತೆಲುಗಿನಲ್ಲಿ ನೋಮು, ಮಲಯಾಳದಲ್ಲಿ ನೋಂಬ್. ಕೇರಳದ ಕ್ರೈಸ್ತರು ಈ ಶ್ರಮೆಯ ಕಾಲಕ್ಕೆ ಇಂದಿಗೂ ನೋಂಬ್ ಎಂದೇ ಹೇಳುವರು. ತಮಿಳು ನಾಡಿನ ಮುಸಲ್ಮಾನರು ರಂಜಾನಿನ ಉಪವಾಸಕ್ಕೂ ಅದೇ ಶಬ್ದವನ್ನು ಆಡುವರು. ಹಳಗನ್ನಡದ ಜೈನ ಗ್ರಂಥಗಳಲ್ಲಿ ನೋಂಪಿಯ ಕಥೆಗಳೇ ಅನೇಕವಿವೆ. ಒಂದು ಶಬ್ದದ ನೆರಳಿನಲ್ಲಿ ಇಷ್ಟು ಜನರು ಕೂಡಿ ಕುಳಿತಿದ್ದಾರೆ. ಇಂಥ ಬಂಧುತ್ವವನ್ನು ಶಬ್ದ ಶಬ್ದವಾಗಿ ತೋರಿಸಿಕೊಡುವದೇ ಕಿಟ್ಟೆಲರ ಕೆಲಸವಾಗಿತ್ತು.

೧೮೯೪ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಪುಸ್ತಕಾಲಯವು ಕನ್ನಡ ಇಂಗ್ಲಿಷ್ ನಿಘಂಟನ್ನು ಪ್ರಕಟಿಸಿತು. ಸುಮಾರು ೭೦,೦೦೦ ಶಬ್ದಗಳು. ೧,೭೦೦ಕ್ಕೂ ಮಿಕ್ಕ ಪುಟಗಳು. ಕಿಟ್ಟೆಲರು ಮೊದಲು ಭಾರತದ ನೆಲವನ್ನು ಮೆಟ್ಟಿ ಆಗ ನಲವತ್ತು ವರ್ಷಗಳು ದಾಟಿದ್ದವು. ೧೮೯೬ರಲ್ಲಿ ಜರ್ಮನಿಯ ಟ್ಯೂಬಿಂಗನ್ ವಿಶ್ವವಿದ್ಯಾಲಯವು ಅವರಿಗೆ ಡಾಕ್ಟರ್ ಪದವಿಯನ್ನು ಕೊಟ್ಟು ಗೌರವಿಸಿತು. ಅಷ್ಟಕ್ಕೇ ಅವರು ಲೇಖನಿಯನ್ನು ಕೆಳಗಿಡಲಿಲ್ಲ. ಹಳಗನ್ನಡ, ನಡುಗನ್ನಡ, ಹೊಸಗನ್ನಡ ಮೂರನ್ನೂ ಒಳಗೊಂಡ ವ್ಯಾಕರಣವನ್ನು ಬರೆದರು. ಅದು ೧೯೦೩ರಲ್ಲಿ ಹೊರಬಿತ್ತು. ಅದೇ ವರ್ಷದ ಡಿಸೆಂಬರ್ ತಿಂಗಳಲ್ಲಿ, ಕ್ರಿಸ್ಮಸ್ಸಿಗೆ ಇನ್ನು ಕೆಲವೇ ದಿನಗಳಿರುವಾಗ, ಟ್ಯೂಬಿಂಗನ್ನಿನಲ್ಲಿ ಅವರು ಕರ್ತನಲ್ಲಿ ನಿದ್ರೆಹೋದರು. ಆಗ ಅವರಿಗೆ ೭೧ ವರ್ಷ.

ಅವರ ಮರಣದ ನಂತರದ ಕಥೆಯನ್ನೂ ಸಂಕ್ಷೇಪವಾಗಿ ಹೇಳಬೇಕು. ಬಾಸೆಲ್ ಮಿಶನ್ನಿನ ಕನ್ನಡ ಸಭೆಗಳು ಕಾಲಕ್ರಮದಲ್ಲಿ, ೧೯೪೭ರಲ್ಲಿ ಸ್ಥಾಪಿತವಾದ ದಕ್ಷಿಣ ಭಾರತ ಸಭೆಯೊಳಗೆ ಕೂಡಿದವು. ನಿಘಂಟಾದರೋ ಯಾವ ಸಭೆಯ ಎಲ್ಲೆಯಲ್ಲಿಯೂ ನಿಲ್ಲದೆ ನಾಡಿನ ಸೊತ್ತಾಯಿತು. ಮರಿಯಪ್ಪ ಭಟ್ಟರು ಅದನ್ನು ಪರಿಷ್ಕರಿಸಿ ಬೆಳೆಸಿದರು; ಮದರಾಸು ವಿಶ್ವವಿದ್ಯಾಲಯವು ೧೯೬೮ರಿಂದ ಅದನ್ನು ನಾಲ್ಕು ಸಂಪುಟಗಳಲ್ಲಿ ಹೊರತಂದಿತು. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ಮಹಾನಿಘಂಟು ಮುಗಿದದ್ದು ೧೯೯೫ರಲ್ಲಿ. ಅದರ ಹಿಂದೆ ಒಂದು ಶತಮಾನದಷ್ಟು ಹಳೆಯ ಅಡಿಪಾಯವಾಗಿ ಕಿಟ್ಟೆಲರ ಗ್ರಂಥವು ನಿಂತಿದೆ. ಇಂದು ಬೆಂಗಳೂರಿನಲ್ಲಿ ಅವರ ಪ್ರತಿಮೆಯುಂಟು. ಧಾರವಾಡದಲ್ಲಿ ಅವರ ಹೆಸರಿನ ಕಾಲೇಜುಂಟು. ಬೋಧಕರಾಗಿ ಯಾವ ಜಗಲಿಯ ಮೇಲೆ ಅವರಿಗೆ ಸ್ಥಳ ಸಿಗಲಿಲ್ಲವೋ, ಕನ್ನಡವನ್ನು ಓದುವ ಮನೆಗಳ ಆ ಜಗಲಿಯ ಮೇಲೆ ಅವರು ಈಗ ಕುಳಿತಿದ್ದಾರೆ.

ಈಗ ಕಡ್ಡಿರಾಂಪುರದ ಸಹೋದರಿಯ ಪ್ರಶ್ನೆಗೆ ಬರೋಣ. ಕಿಟ್ಟೆಲರ ಚರಿತ್ರೆಯನ್ನು ಓದಿ, ಕಷ್ಟವನ್ನು ಸುಮ್ಮನೆ ಸಹಿಸಿಕೋ, ಕೊನೆಗೆ ಒಳ್ಳೆಯದಾಗುವದು ಎಂದು ಹೇಳಿಬಿಡುವದು ನಮಗೆ ಸುಲಭ. ಆದರೆ ಅದು ನ್ಯಾಯವಲ್ಲ. ಕಿಟ್ಟೆಲರಿಗೆ ಒಂದು ಬಾಗಿಲು ಮುಚ್ಚಿದಾಗ ಪುಸ್ತಕಗಳ ಬಾಗಿಲು ತೆರೆದಿತ್ತು. ಅವರ ಕೈಯಲ್ಲಿ ವಿದ್ಯೆಯಿತ್ತು, ಕಾಗದವಿತ್ತು, ಮುದ್ರಣಾಲಯವಿತ್ತು. ಮುಖ್ಯವಾಗಿ, ೧೮೮೩ರಲ್ಲಿ ಅವರು ತಿರುಗಿ ಬಂದದ್ದು ತಮ್ಮ ಇಷ್ಟದಿಂದ. ತನ್ನದಾದದ್ದನ್ನು ತಾನೇ ಕೊಡುವವನು ನೋಂಪಿಯನ್ನು ಆಚರಿಸುತ್ತಾನೆ. ಕೈಯಿಂದ ಕಿತ್ತುಕೊಳ್ಳಲ್ಪಟ್ಟವಳು ನೋಂಪಿಯನ್ನು ಆಚರಿಸಿದಳೆಂದು ಹೇಳುವದು ಸುಳ್ಳು. ಮಗಳನ್ನು ಶಾಲೆಯಿಂದ ಬಿಡಿಸಿ ಅದಕ್ಕೆ ತ್ಯಾಗವೆಂಬ ಹೆಸರಿಡುವ ತಂದೆತಾಯಿಗಳು, ಅಡಿಗೆಯ ಕೊನೆಯ ತುತ್ತು ಯಾವಾಗಲೂ ಮನೆಯೊಡತಿಗೇ ಸಾಕೆನ್ನುವ ಮನೆಯವರು, ಈ ಮಾತನ್ನು ಸಮಾಧಾನದಿಂದ ಆಲೋಚಿಸಬೇಕೆಂದು ಬೇಡುತ್ತೇವೆ.

ಆದುದರಿಂದ ಆ ಸಹೋದರಿಗೆ ನಮ್ಮ ಉತ್ತರವಿದು. ಈ ಕಾಲದಲ್ಲಿ ನೀವು ಊಟವನ್ನು ಬಿಡಬೇಕಾಗಿಲ್ಲ. ದಿನಕ್ಕೆ ಅರ್ಧ ಗಂಟೆಯಾದರೂ ಮನೆಗೆಲಸವನ್ನು ಬಿಡಿರಿ. ಆ ಅರ್ಧ ಗಂಟೆಯಲ್ಲಿ ಶ್ರಮೆಯ ಚರಿತ್ರೆಯನ್ನು ಮಗಳೊಡನೆ ಕೂತು ಓದಿರಿ. ಆ ಹೊತ್ತಿನ ಕೆಲಸವನ್ನು ಮನೆಯ ಗಂಡಸರು ಮಾಡಲಿ. ಅವರ ನೋಂಪಿಯು ಅದೇ ಆಗಲಿ. ಓದುವಾಗ ತಿಳಿಯದ ಶಬ್ದವು ಬಂದರೆ ನಿಘಂಟನ್ನು ತೆರೆಯಿರಿ. ಉಪವಾಸವೆಂದರೆ ಸಮೀಪದಲ್ಲಿ ವಾಸಿಸುವದಾದರೆ, ತಾಯಿಯೂ ಮಗಳೂ ಒಂದು ಪುಸ್ತಕದ ಮುಂದೆ ಹತ್ತಿರ ಕುಳಿತುಕೊಳ್ಳುವದೂ ಉಪವಾಸವೇ ಸರಿ.

ನಮ್ಮ ಪೆಟ್ಟಿಗೆಯ ವಿಷಯವಾಗಿಯೂ ಒಂದು ಮಾತು. ಶ್ರಮೆಯ ಕಾಲದಲ್ಲಿ ಹುಡುಗಿಯರು ಅದರಲ್ಲಿ ಹಾಕುವ ಕಾಸನ್ನು, ಫೀಸು ಕಟ್ಟಲಾರದೆ ಶಾಲೆಯನ್ನು ಬಿಡುವ ಸ್ಥಿತಿಗೆ ಬಂದ ಹುಡುಗಿಯರಿಗೆ ಕೊಡಬೇಕೆಂದು ನಾವು ಬಯಸುತ್ತೇವೆ. ಮಲ್ಲಿಗೆಯ ಮಾಲೆಯನ್ನು ಬಿಟ್ಟ ಒಬ್ಬಳಿಂದ ಇನ್ನೊಬ್ಬಳ ಪಾಠವು ಬಿಡದೆ ನಡೆದರೆ, ಈಸ್ಟರಿನ ಬೆಳಗ್ಗೆ ಇಬ್ಬರೂ ಹೂ ಮುಡಿದು ದೇವಾಲಯಕ್ಕೆ ಬರಬಹುದು. ಹಳೆಯ ವಿದ್ಯಾರ್ಥಿನಿಯರೂ ತಂದೆತಾಯಿಗಳೂ ಈ ಪೆಟ್ಟಿಗೆಯನ್ನು ನೆನಪಿನಲ್ಲಿಡಬೇಕೆಂದು ವಿನಯದಿಂದ ಪ್ರಾರ್ಥಿಸುತ್ತೇವೆ.